ಎರಡು ಸಾವಿರ ಮನೆ

ರೋಣದವರ ಮುಂದೆ ನಿಧಾನವನ್ನು ಬೈಯಬಾರದು. ಭೀಮಸೇನ ಜೋಶಿ ಹುಟ್ಟಿದ್ದು ಆ ಊರಲ್ಲಿ, 1922ರಲ್ಲಿ. ವಿಲಂಬಿತದಲ್ಲಿ ಅವರು ಒಂದು ಸ್ವರ ಹಿಡಿದು ಕೂತರೆ ಎದುರಿಗಿದ್ದವರು ಗಡಿಯಾರ ನೋಡುತ್ತಿರಲಿಲ್ಲ. ಆದರೆ ಅದೇ ರೋಣದ ಮಾರ್ಕೆಟ್ಟಿನಲ್ಲಿ, ಹೆಸರುಕಾಳಿನ ಸುಗ್ಗಿ ಜೋರಾಗಿ ನಡೆದಿರುವಾಗ, ಅಂಗಡಿಯ ಕಂಪ್ಯೂಟರು ವಿಲಂಬಿತಕ್ಕೆ ಇಳಿದರೆ ಮಾತ್ರ ಯಾರ ಸಂಗೀತಪ್ರೇಮವೂ ಉಳಿಯುವುದಿಲ್ಲ. ‘ಮಾಸ್ತರ, ಅಕ್ಷರ ತೆವಳಾಕತ್ತಾವ್ರಿ, ಲಗೂನ ಬರ್ರಿ’ ಎಂದು ನನಗೆ ಫೋನು ಬರುತ್ತದೆ.

ರೋಣ, ನರಗುಂದ, ಗಜೇಂದ್ರಗಡ ಈ ಮೂರೂ ಊರಿಗೆ ಸೇರಿ ಅಕ್ಷರ ತೆವಳುವ ರೋಗಕ್ಕೆ ಮದ್ದು ಕೊಡುವವನು ನಾನೊಬ್ಬನೇ ಉಳಿದಿರಬೇಕು. ಇದರಲ್ಲಿ ಹೆಮ್ಮೆಪಡುವಂಥದ್ದು ಏನಿಲ್ಲ. ರೋಗಿಗಳೂ ಕೈಬೆರಳಿನಲ್ಲಿ ಎಣಿಸುವಷ್ಟೇ ಇದ್ದಾರೆ. ಸರ್ಕಾರದ ಲೆಕ್ಕಕ್ಕೆ, ಇ-ಟೆಂಡರಿಗೆ ಎಲ್ಲ ಅಂಗಡಿಯಲ್ಲೂ ಬೇರೆ ಹೊಸ ಕಂಪ್ಯೂಟರ್ ಇದೆ. ಆದರೆ ಯಾವ ರೈತನಿಗೆ ಎಷ್ಟು ಮುಂಗಡ ಕೊಟ್ಟಿದೆ, ಯಾರ ಬಾಕಿ ಯಾವ ವರ್ಷದಿಂದ ನಿಂತಿದೆ ಎಂಬ ಒಳಗಿನ ಲೆಕ್ಕವನ್ನು ಕೆಲವು ಸಾವಕಾರರು ಇನ್ನೂ ಡಾಸ್‌ನಲ್ಲೇ ಇಟ್ಟಿದ್ದಾರೆ. ಕಪ್ಪು ಅಥವಾ ನೀಲಿ ಪರದೆ, ಇಲಿ ಇಲ್ಲ, ಚಿತ್ರವಿಲ್ಲ, ಆಜ್ಞೆಯನ್ನು ಬೆರಳಿನಿಂದ ಕುಟ್ಟಿಯೇ ಹೇಳಬೇಕು. ಅದಕ್ಕೆ ವೈರಸ್ಸೂ ಬರುವುದಿಲ್ಲ, ಮೊಮ್ಮಕ್ಕಳೂ ಅದರಲ್ಲಿ ಸಿನಿಮಾ ಹಾಕು ಅನ್ನುವುದಿಲ್ಲ ಎಂಬುದು ಅವರ ಸಮರ್ಥನೆ. ಎರಡನೆಯ ಮಾತು ಪೂರ್ತಿ ಸತ್ಯ. ಮೊದಲನೆಯದರ ಕಥೆ ಮುಂದೆ ಬರುತ್ತದೆ.

ನನಗೆ ಈ ವಿದ್ಯೆ ಅಂಟಿದ್ದು ತೊಂಬತ್ತರ ದಶಕದಲ್ಲಿ, ಗಜೇಂದ್ರಗಡದ ಒಂದು ಕಂಪ್ಯೂಟರ್ ಕ್ಲಾಸಿನಲ್ಲಿ. ಡಾಸ್, ವರ್ಡ್‌ಸ್ಟಾರ್, ಲೋಟಸ್, ಡಿಬೇಸ್, ಆಮೇಲೆ ಫಾಕ್ಸ್‌ಪ್ರೊ ಕಲಿಸುತ್ತಿದ್ದೆವು. ಆಗ ಊರಿನಲ್ಲಿ ಬಾಗಿಲಲ್ಲೇ ಚಪ್ಪಲಿ ಬಿಟ್ಟು, ಧ್ವನಿ ತಗ್ಗಿಸಿ ಒಳಗೆ ಹೋಗುವ ಜಾಗ ಎರಡು: ಗುಡ್ಡದ ಮೇಲಿನ ಕಾಲಕಾಲೇಶ್ವರನ ಗುಡಿ, ನಮ್ಮ ಕ್ಲಾಸಿನ ಮಷಿನ್ ರೂಮು. ಏಸಿ ಇದ್ದದ್ದು ಎರಡನೆಯದರಲ್ಲಿ ಮಾತ್ರ. ಏಪ್ರಿಲ್ ಬಂತೆಂದರೆ ಊರಿನ ಹುಡುಗರಲ್ಲಿ ವಿದ್ಯಾಸಕ್ತಿ ಒಮ್ಮೆಲೇ ಹೆಚ್ಚುತ್ತಿತ್ತು. ಮೃಗಶಿರಾ ಮಳೆ ಬಿದ್ದು ನೆಲ ತಣ್ಣಗಾದ ಮೇಲೆ ಅರ್ಧ ಕ್ಲಾಸು ಖಾಲಿ.

ಆ ಪರದೆಯ ಲೆಕ್ಕ ಸರಳ. ಅಡ್ಡಸಾಲಿನಲ್ಲಿ 80 ಅಕ್ಷರ, ಅಂಥ ಸಾಲು 25. ಒಟ್ಟು 2000 ಮನೆ. ಒಂದೊಂದು ಮನೆಗೆ ಎರಡು ಬೈಟು ಜಾಗ: ಒಂದರಲ್ಲಿ ಅಕ್ಷರ, ಇನ್ನೊಂದರಲ್ಲಿ ಅದರ ಬಣ್ಣ. ಇಡೀ ಪರದೆ 4000 ಬೈಟಿನಲ್ಲಿ ಮುಗಿಯಿತು. ಬೆಳಗಾದರೆ ವಾಟ್ಸಾಪಿನಲ್ಲಿ ಬಂದು ಬೀಳುವ ಒಂದು ಶುಭೋದಯದ ಗುಲಾಬಿ ಹೂವು ಇದಕ್ಕಿಂತ ಎಷ್ಟೋ ಪಟ್ಟು ಭಾರ. 1981ರಲ್ಲಿ ಬಂದ ಮೊದಲ ಐಬಿಎಂ ಪಿಸಿಯ ಚಿಪ್ಪು 4.77 ಮೆಗಾಹರ್ಟ್ಸ್‌ನದು. ಅಂಥ ಬಡಪಾಯಿ ಚಿಪ್ಪು ಕೂಡ ಎರಡು ಸಾವಿರ ಮನೆ ತುಂಬಲು ಹೆಣಗಬೇಕಿಲ್ಲ. ಹಾಗಿದ್ದರೆ ಅಕ್ಷರ ತೆವಳುವುದು ಯಾಕೆ?

ದಾರಿ ಉದ್ದ, ಅದಕ್ಕೆ. ಅಂಗಡಿಯ ಪ್ರೋಗ್ರಾಂ ಇಂಗ್ಲಿಷಿನ ‘ಕೆ’ ಬರೆಯಬೇಕು ಎಂದು ಡಾಸ್‌ಗೆ ಅರ್ಜಿ ಹಾಕುತ್ತದೆ. ಡಾಸ್ ಅದನ್ನು ಪರದೆಯ ಉಸ್ತುವಾರಿ ನೋಡುವ ಡ್ರೈವರಿಗೆ ಕಳಿಸುತ್ತದೆ. ಅಲ್ಲಿ ಆನ್ಸಿ.ಸಿಸ್ ಎಂಬುದನ್ನು ಯಾರಾದರೂ ಕೂಡಿಸಿದ್ದರೆ ಅದು, ಈ ಅಕ್ಷರದಲ್ಲಿ ಬಣ್ಣ ಬದಲಿಸುವ ಗುಪ್ತ ಆಜ್ಞೆ ಏನಾದರೂ ಅಡಗಿದೆಯೇ ಎಂದು ಪರೀಕ್ಷಿಸುತ್ತದೆ. ಆಮೇಲೆ ಬಯಾಸ್‌ಗೆ. ಬಯಾಸ್ ಕರ್ಸರ್ ಎಲ್ಲಿದೆ ನೋಡಿ, ಜಾಗ ಗೊತ್ತುಮಾಡಿ, ಕಡೆಗೆ ಒಂದು ಅಕ್ಷರವನ್ನು ಅದರ ಮನೆಗೆ ಮುಟ್ಟಿಸುತ್ತದೆ. ಟೇಬಲ್ಲಿನಿಂದ ಟೇಬಲ್ಲಿಗೆ ಸಹಿಗೆ ಹೋಗುವ ಟಪಾಲಿನಂತೆ, ಯಾವ ಟೇಬಲ್ಲಿನವರೂ ಕಳ್ಳಬಿದ್ದವರಲ್ಲ, ಆದರೆ ಟಪಾಲು ಮಾತ್ರ ಸಂಜೆಗೇ ಕೈಸೇರುವುದು. ಇದು ಗೊತ್ತಿದ್ದ ಜಾಣ ಪ್ರೋಗ್ರಾಂಗಳು ಅರ್ಜಿಯ ಗೋಜಿಗೇ ಹೋಗದೆ, ಪರದೆಯ ನೆನಪು ಶುರುವಾಗುವ ಬಿ800 ಎಂಬ ವಿಳಾಸಕ್ಕೆ ನೇರವಾಗಿ ಹಿತ್ತಲ ಬಾಗಿಲಿನಿಂದ ನುಗ್ಗಿ ಬರೆದುಬಿಡುತ್ತಿದ್ದವು. ಲೋಟಸ್ 1-2-3 ಅಷ್ಟು ಚುರುಕಾಗಿ ಕಂಡದ್ದರ ಒಂದು ಗುಟ್ಟು ಇದೇ. ನೀತಿವಂತ ಪ್ರೋಗ್ರಾಂಗಳು ನಿಧಾನ, ಅಡ್ಡದಾರಿಯವು ಶರವೇಗ. ಕ್ಲಾಸಿನಲ್ಲಿ ಇದನ್ನು ವಿವರಿಸುವಾಗ ಹುಡುಗರು ಬಹಳ ಗಮನ ಕೊಟ್ಟು ಕೇಳುತ್ತಿದ್ದರು. ಮುಂದೆ ಅವರಲ್ಲಿ ಕೆಲವರು ಗುತ್ತಿಗೆದಾರರಾದರು.

ಹಿತ್ತಲ ಬಾಗಿಲಿಗೂ ತನ್ನದೊಂದು ತೊಂದರೆ ಇತ್ತು. ಸಿಜಿಎ ಎಂಬ ಮೊದಲ ಬಣ್ಣದ ಕಾರ್ಡಿನಲ್ಲಿ, ಪರದೆಗೆ ಚಿತ್ರ ಕಳಿಸುವ ಹೊತ್ತಿಗೇ ಚಿಪ್ಪು ಕೂಡ ಅದೇ ನೆನಪಿಗೆ ಕೈ ಹಾಕಿದರೆ ಬಿಳಿ ಚುಕ್ಕಿಗಳು ಉದುರುತ್ತಿದ್ದವು. ಅದನ್ನು ಹಿಮ ಎಂದು ಕರೆಯುತ್ತಿದ್ದರು. ಗಜೇಂದ್ರಗಡದ ಬಿಸಿಲಿನಲ್ಲಿ ಹಿಮ ಬಿದ್ದದ್ದನ್ನು ನೋಡಿದವರು ನಾವಷ್ಟೇ. ಹಿಮ ಬೀಳಬಾರದೆಂದರೆ, ಪರದೆಯ ಒಳಗಿನ ಕಿರಣ ಕೊನೆಯ ಗೆರೆ ಮುಗಿಸಿ ಮತ್ತೆ ಮೇಲಕ್ಕೆ ಹೊರಳುವ ಆ ಚೂರು ಬಿಡುವಿನವರೆಗೆ ಕಾದು ಬರೆಯಬೇಕು. ಕಾದರೆ ನಿಧಾನ, ಕಾಯದಿದ್ದರೆ ಹಿಮ. ವಿಜಿಎ ಕಾರ್ಡು ಬಂದ ಮೇಲೆ ಈ ಪೀಡೆ ತೊಲಗಿತು. ಆದರೆ ಹಳೆಯ ಪ್ರೋಗ್ರಾಂಗಳಲ್ಲಿ ಕೆಲವು, ಹಿಮ ಇಲ್ಲದ ಊರಲ್ಲೂ ಅಭ್ಯಾಸಬಲದಿಂದ ಕಾಯುತ್ತಲೇ ಇದ್ದವು. ನಿವೃತ್ತಿಯಾದ ಮೇಲೂ ಹತ್ತು ಗಂಟೆಗೆ ಅಂಗಿ ಹಾಕಿಕೊಂಡು ಕೂಡುವವರು ನಮ್ಮ ಓಣಿಯಲ್ಲೂ ಇದ್ದಾರೆ.

ಅಂಗಡಿಗಳಿಗೆ ಹೋಗಲು ಶುರುಮಾಡಿದ ಮೇಲೆ ರೋಗದ ಬೇರೆ ಬೇರೆ ಮೂಲಗಳು ತಿಳಿಯತೊಡಗಿದವು. ಒಂದು, ಜನರ ಹೆಸರು. ಕಾಲಕಾಲೇಶ್ವರನ ದಯೆಯಿಂದ ಗಜೇಂದ್ರಗಡದ ಸುತ್ತಲಿನ ಹಳ್ಳಿಗಳಲ್ಲಿ ಕಳಕಪ್ಪಂದಿರು, ಕಳಕವ್ವಂದಿರು ಲೆಕ್ಕವಿಲ್ಲದಷ್ಟು. ‘ಕಳಕಪ್ಪ’ ಎಂದು ಹುಡುಕಿದರೆ ಇಪ್ಪತ್ತೈದು ಸಾಲಿನ ಪರದೆ ತುಂಬಿ, ಉಳಿದವರು ಒಳಗೆ ಬರಲು ಮೊದಲಿನವರು ಮೇಲೆ ಹಾರಿ ಮಾಯವಾಗಬೇಕು. ಒಂದು ಸಾಲು ಮೇಲೆ ಸರಿಯಬೇಕೆಂದರೆ ಪರದೆಯ ಎಲ್ಲ ಮನೆಗಳನ್ನೂ ಎತ್ತಿ ಒಂದೊಂದು ಸಾಲು ಮೇಲಕ್ಕೆ ಇಡಬೇಕು. ಹೊಸ ಕಳಕಪ್ಪ ಬಂದಾಗಲೆಲ್ಲ ಹಳೆಯ ಎಲ್ಲ ಕಳಕಪ್ಪಂದಿರಿಗೂ ಮನೆ ಬದಲು. ತಂದೆಯ ಹೆಸರಿನ ಮೊದಲ ಅಕ್ಷರವನ್ನೂ ಸೇರಿಸಿ ಹುಡುಕಿ ಎಂದು ಹೇಳಿಕೊಟ್ಟೆ. ತಂದೆಯ ಹೆಸರೂ ಕಳಕಪ್ಪ ಎಂದರು ಅಂಗಡಿಯ ಗುಮಾಸ್ತರು.

ಇನ್ನೊಂದು ಮೂಲ, ಮಾತು. ಡಿಬೇಸ್, ಫಾಕ್ಸ್‌ಪ್ರೊಗಳಲ್ಲಿ ಸೆಟ್ ಟಾಕ್ ಎಂಬ ಒಂದು ವ್ಯವಸ್ಥೆ. ಅದು ಆನ್ ಇದ್ದರೆ ಮಷಿನ್ನು ಇಷ್ಟು ಎಣಿಸಿದೆ, ಇಷ್ಟು ಜೋಡಿಸಿದೆ ಎಂದು ತಾನು ಮಾಡಿದ ಕೆಲಸವನ್ನೆಲ್ಲ ಪರದೆಯ ಮೇಲೆ ಒದರುತ್ತಲೇ ಇರುತ್ತದೆ. ಹೇಳುವುದರಲ್ಲೇ ಹೊತ್ತು ಹೋಗಿ ಕೆಲಸ ಹಿಂದೆ ಬೀಳುತ್ತದೆ. ‘ಸೆಟ್ ಟಾಕ್ ಆಫ್’ ಎಂದು ಒಂದು ಸಾಲು ಕುಟ್ಟಿದರೆ ಬಾಯಿ ಮುಚ್ಚಿಕೊಂಡು ಚುರುಕಾಗಿ ಓಡುತ್ತದೆ. ರೋಣದ ಅಂಗಡಿಯೊಂದರಲ್ಲಿ ಈ ಮದ್ದಿನ ಅರ್ಥ ವಿವರಿಸಿದಾಗ ಸಾವಕಾರರು ಗುಮಾಸ್ತರ ಕಡೆ ತಿರುಗಿ, ‘ಇವರಿಗೂ ಹಂಗೊಂದ ಸಾಲು ಕುಟ್ಟಾಕ ಬರ್ತತೇನ್ರಿ?’ ಅಂದರು. ಗುಮಾಸ್ತರು ಅದಕ್ಕೆ ಕೊಟ್ಟ ಉತ್ತರ ಬಹಳ ಉದ್ದವಾಗಿತ್ತು.

ಇವೆಲ್ಲ ಒಳಗಿನ ಕಾರಣಗಳು. ಹೊರಗಿನ ಕಾರಣಗಳಲ್ಲಿ ದೊಡ್ಡದು ಟರ್ಬೊ ಗುಂಡಿ. 286, 386 ಕಾಲದ ಡಬ್ಬಿಯ ಮುಂಭಾಗದಲ್ಲಿ ಅಂಥದ್ದೊಂದು ಗುಂಡಿ ಇರುತ್ತಿತ್ತು, ಪಕ್ಕದಲ್ಲಿ ವೇಗ ತೋರಿಸುವ ಕೆಂಪು ಅಂಕಿ. ಟರ್ಬೊ ಎಂದರೆ ವೇಗ ಹೆಚ್ಚಿಸುವ ಗುಂಡಿ ಎಂದು ಎಲ್ಲರೂ ತಿಳಿದಿದ್ದರು. ನಿಜಕ್ಕೂ ಅದು ಇದ್ದದ್ದು ವೇಗ ತಗ್ಗಿಸಲಿಕ್ಕೆ. ಮೊದಲಿನ ಪಿಸಿಯ ಓಟಕ್ಕೆ ತಾಳೆ ಹಾಕಿ ಬರೆದ ಆಟ, ಪ್ರೋಗ್ರಾಂಗಳು ಹೊಸ ಮಷಿನ್ನಿನಲ್ಲಿ ಹುಚ್ಚೆದ್ದು ಓಡುತ್ತಿದ್ದವಲ್ಲ, ಅವುಗಳ ಸಲುವಾಗಿ. ಆ ಕೆಂಪು ಅಂಕಿಯಂತೂ ವೇಗವನ್ನು ಅಳೆಯುತ್ತಲೇ ಇರಲಿಲ್ಲ. ಡಬ್ಬಿ ಜೋಡಿಸಿದವನು ಒಳಗೆ ಸಣ್ಣ ಪಿನ್ನುಗಳನ್ನು ಹೇಗೆ ಸಿಕ್ಕಿಸುತ್ತಾನೋ ಆ ಅಂಕಿ ಮೂಡುತ್ತಿತ್ತು.

ಒಂದು ಮಧ್ಯಾಹ್ನ ಕ್ಲಾಸಿನ ಮಷಿನ್ನೊಂದು ತೆವಳತೊಡಗಿತು. ಎಲ್ಲರಿಗೂ ವೈರಸ್ಸಿನ ಮೇಲೆ ಅನುಮಾನ. ಅನುಮಾನಕ್ಕೆ ಆಧಾರವೂ ಇತ್ತು. 1987ರಲ್ಲಿ ಜೆರುಸಲೇಮಿನ ಹೀಬ್ರೂ ವಿಶ್ವವಿದ್ಯಾಲಯದಲ್ಲಿ ಪತ್ತೆಯಾದ ಜೆರುಸಲೇಮ್ ಎಂಬ ವೈರಸ್ಸು ಮಷಿನ್ನಿನೊಳಗೆ ಹೊಕ್ಕು ಅರ್ಧ ಗಂಟೆ ಸುಮ್ಮನಿದ್ದು, ಆಮೇಲೆ ಇಡೀ ವ್ಯವಸ್ಥೆಯನ್ನು ಎಳೆದು ನಿಧಾನ ಮಾಡುತ್ತಿತ್ತು. ಶುಕ್ರವಾರ 13ನೇ ತಾರೀಖು ಬಂದರೆ ಓಡಿಸಿದ ಪ್ರೋಗ್ರಾಂಗಳನ್ನೇ ಅಳಿಸುತ್ತಿತ್ತು. ಕ್ಯಾಸ್ಕೇಡ್ ಎಂಬ ಇನ್ನೊಂದು, ಪರದೆಯ ಅಕ್ಷರಗಳನ್ನು ಒಂದೊಂದಾಗಿ ಕೆಳಗೆ ಉದುರಿಸಿ ರಾಶಿ ಹಾಕುತ್ತಿತ್ತು. ಹುಡುಗರೆಲ್ಲ ಫ್ಲಾಪಿ ಹಿಡಿದು ಓಡಾಡಿದರು. ಕ್ಯಾಲೆಂಡರಿನಲ್ಲಿ 13ನೇ ತಾರೀಖು ಯಾವ ವಾರ ಎಂದು ನೋಡಿದರು. ಕಸ ಹೊಡೆಯಲು ಬರುತ್ತಿದ್ದ ಅಕ್ಕ ಇದನ್ನೆಲ್ಲ ಬಾಗಿಲಲ್ಲಿ ನಿಂತು ನೋಡಿ, ‘ಸರ, ಮುಂಜಾನೆ ಒರಸೂ ಮುಂದ ಈ ಗುಂಡಿ ಒಳಗ ಹೋಗಿತ್ರಿ, ಹೊಳ್ಳಿ ಒತ್ಲೇನ್ರಿ?’ ಎಂದರು. ಒತ್ತಿದರು. ಕೆಂಪು ಅಂಕಿ ಬದಲಾಯಿತು, ಅಕ್ಷರಗಳು ಎದ್ದು ಓಡಿದವು. ಆ ವರ್ಷ ಖಂಡೇಪೂಜೆಯಲ್ಲಿ ಡಬ್ಬಿಗಳಿಗೆ ವಿಭೂತಿ, ಕುಂಕುಮ ಹಚ್ಚುವಾಗ ಆ ಗುಂಡಿಗೂ ಒಂದು ಬೊಟ್ಟು ಬಿತ್ತು.

ಎರಿ ಮಣ್ಣಿನ ಧೂಳು, ಹತ್ತಿಯ ಅರಳು, ಸಂಜೆಯ ಲೋ ವೋಲ್ಟೇಜು, ಇವನ್ನು ರೋಗದ ಕಾರಣ ಎಂದು ಹೇಳುವವರು ಬಹಳ. ಧೂಳಿನಿಂದ ಮಷಿನ್ನು ಬಿಸಿಯಾಗುತ್ತದೆ, ವೋಲ್ಟೇಜು ಬಿದ್ದರೆ ಹಳೆಯ ಮಾನಿಟರಿನ ಚಿತ್ರ ನಾಲ್ಕೂ ಕಡೆ ಕುಗ್ಗುತ್ತದೆ. ಅಕ್ಷರ ಸಣ್ಣದಾಗುತ್ತದೆಯೇ ಹೊರತು ನಿಧಾನವಾಗುವುದಿಲ್ಲ. ಇಷ್ಟು ಸಾಕು ಅದರ ಬಗ್ಗೆ.

ಗಜೇಂದ್ರಗಡದ ನೇಕಾರರ ಓಣಿಯಲ್ಲಿ ಹಾದು ಹೋಗುವಾಗ ನನಗೆ ಆ 80ರ ನೆನಪಾಗುತ್ತದೆ. ಸಾಲಿಗೆ 80 ಅಕ್ಷರವೇ ಯಾಕೆ, ನೂರಿದ್ದರೆ ಆಗುತ್ತಿರಲಿಲ್ಲವೇ ಎಂದು ಕ್ಲಾಸಿನಲ್ಲಿ ಒಬ್ಬ ನೇಕಾರರ ಹುಡುಗ ಕೇಳಿದ್ದ. ಉತ್ತರ ಅವನ ಮನೆಯ ದಾರಿಯಲ್ಲೇ ಇತ್ತು. ಪರದೆಗಿಂತ ಮೊದಲು ಕಂಪ್ಯೂಟರಿಗೆ ಲೆಕ್ಕ ಉಣ್ಣಿಸುತ್ತಿದ್ದದ್ದು ತೂತು ಹೊಡೆದ ರಟ್ಟಿನ ಕಾರ್ಡುಗಳಿಂದ. ಐಬಿಎಂ 1928ರಲ್ಲಿ ತಂದ ಕಾರ್ಡಿನಲ್ಲಿ 80 ಕಂಬಸಾಲು. ಆ ರೂಢಿಯೇ ಪರದೆಗೂ ಇಳಿದು ಬಂತು. ಐಬಿಎಂಗಿಂತ ಹಿಂದೆ ಹೋದರೆ 1890ರ ಅಮೆರಿಕದ ಜನಗಣತಿಗೆ ತೂತಿನ ಕಾರ್ಡು ಬಳಸಿದ ಹಾಲರಿತ್. ಅವನಿಗಿಂತ ಹಿಂದೆ, ಫ್ರಾನ್ಸಿನ ಜಕಾರ್ಡ್. 1804ರ ಸುಮಾರಿಗೆ ಅವನು ಮಗ್ಗದ ತಲೆಯ ಮೇಲೆ ತೂತಿನ ರಟ್ಟುಗಳ ಮಾಲೆ ತೂಗುಹಾಕಿ, ಯಾವ ಎಳೆ ಮೇಲೆ ಏಳಬೇಕು ಯಾವುದು ಕೆಳಗಿರಬೇಕು ಎಂದು ಹೇಳಿಸಿದ. ಆ ಜಕಾರ್ಡ್ ಪೆಟ್ಟಿಗೆಯನ್ನು ನಮ್ಮ ಕಡೆಯ ನೇಕಾರರಿಗೆ ಪರಿಚಯ ಮಾಡಿಕೊಡಬೇಕಿಲ್ಲ. ಹುಡುಗ ಮನೆಗೆ ಹೋಗಿ ಇದನ್ನೆಲ್ಲ ಹೇಳಿದನಂತೆ. ಅವನ ಅಪ್ಪ, ‘ಹಂಗಾರ ಫೀ ಯಾಕ ಕೊಡಬೇಕು, ಮನ್ಯಾಗ ಕಲೀಬಹುದಲ್ಲ’ ಅಂದರಂತೆ.

ಆ 2000 ಮನೆಗಳಲ್ಲಿ ಬಹಳ ಕಾಲ ಕನ್ನಡಕ್ಕೆ ಒಂದು ಮನೆಯೂ ಸಿಕ್ಕಿರಲಿಲ್ಲ. ಕಳಕಪ್ಪಂದಿರೆಲ್ಲ ಇಂಗ್ಲಿಷ್ ದೊಡ್ಡಕ್ಷರದಲ್ಲೇ ಸಾಲ ಮಾಡಿದರು, ಇಂಗ್ಲಿಷ್ ದೊಡ್ಡಕ್ಷರದಲ್ಲೇ ತೀರಿಸಿದರು. ಕಾನ್ಪುರದ ಐಐಟಿಯಲ್ಲಿ ಹುಟ್ಟಿ ಪುಣೆಯ ಸಿ-ಡ್ಯಾಕ್‌ನಲ್ಲಿ ಬೆಳೆದ ಗಿಸ್ಟ್ ಕಾರ್ಡು ಬಂದ ಮೇಲೆ, ಅದನ್ನು ಡಬ್ಬಿಯೊಳಗೆ ಸಿಕ್ಕಿಸಿ ಡಾಸ್‌ನ ಪರದೆಯ ಮೇಲೂ ಭಾರತೀಯ ಲಿಪಿಗಳನ್ನು ಮೂಡಿಸಬಹುದಾಯಿತು. ಕನ್ನಡಕ್ಕೆ ಒತ್ತಕ್ಷರ ಕೆಳಗೆ ಬೇಕು, ಗುಣಿತ ಮೇಲೆ ಬೇಕು, ಇಂಗ್ಲಿಷಿಗೆ ಅಳತೆ ಮಾಡಿ ಕಟ್ಟಿದ ಮನೆಯಲ್ಲಿ ‘ಸ್ತ್ರೀ’ ಎಂಬ ಒಂದು ಅಕ್ಷರ ಕಾಲು ಚಾಚಲೂ ಜಾಗವಿಲ್ಲ. ಅದನ್ನು ಸಾಧ್ಯವಾಗಿಸಿದವರು ದೊಡ್ಡವರು. ಆದರೆ ಆ ಕಾರ್ಡಿನ ಬೆಲೆ ಕೇಳಿದ ನಮ್ಮ ಸಾವಕಾರರು ಇಂಗ್ಲಿಷೇ ಚಂದ ಎಂದರು. ಬೆಂಗಳೂರಿನ ಗೋಯಂಕಾ ತಂದೆ-ಮಗ 1986ರಲ್ಲಿ ಶುರುಮಾಡಿದ, ಮುಂದೆ ಟ್ಯಾಲಿ ಎಂದು ದೇಶಕ್ಕೆಲ್ಲ ಗೊತ್ತಾದ ಲೆಕ್ಕದ ಪ್ರೋಗ್ರಾಂ ಕೂಡ ಡಾಸ್‌ನ ಮೇಲೆ ನಿಂತೇ ಬೆಳೆದದ್ದು. ಅದನ್ನು ಕೊಳ್ಳುವ ಬದಲು ಕೆಲವರು ಹುಬ್ಬಳ್ಳಿಯ ಕಡೆಯ ಹುಡುಗರಿಂದ ಫಾಕ್ಸ್‌ಪ್ರೊನಲ್ಲಿ ತಮಗೆ ಬೇಕಾದಂತೆ ಬರೆಸಿಕೊಂಡರು.

ನರಗುಂದದ ಒಂದು ಅಂಗಡಿಯಲ್ಲಿರುವುದು ಅಂಥದ್ದೇ ಪ್ರೋಗ್ರಾಂ. ಅದನ್ನು ಬರೆದಾಗ ಗದಗ ಜಿಲ್ಲೆ ಇನ್ನೂ ಆಗಿರಲಿಲ್ಲ. ಜಿಲ್ಲೆಯಾದದ್ದು 1997ರಲ್ಲಿ. ಪರದೆಯ ತಲೆಯ ಮೇಲೆ ಈಗಲೂ ‘ಜಿಲ್ಲಾ ಧಾರವಾಡ’ ಎಂದೇ ಬರುತ್ತದೆ. ಮೂಲ ಬರಹದ ಫ್ಲಾಪಿ ಎಲ್ಲಿದೆಯೋ, ಬರೆದ ಹುಡುಗ ಯಾವ ದೇಶದಲ್ಲಿದ್ದಾನೋ. ಹೊರಗೆ ಬಂದು ತಲೆಯೆತ್ತಿದರೆ 1858ರಲ್ಲಿ ಬ್ರಿಟಿಷರ ವಿರುದ್ಧ ಎದ್ದ ಬಾಬಾಸಾಹೇಬ ಭಾವೆಯ ಗುಡ್ಡದ ಕೋಟೆ, ಒಳಗೆ ಬಂದು ತಲೆ ಬಗ್ಗಿಸಿದರೆ ಧಾರವಾಡ ಜಿಲ್ಲೆ.

ಈ ಪ್ರೋಗ್ರಾಂ ಹಲವು ಮನೆ ಬದಲಿಸಿದೆ. ಮೂಲ ಡಾಸ್ ಮಷಿನ್ನು ಸತ್ತ ಮೇಲೆ ವಿಂಡೋಸ್ ಎಕ್ಸ್‌ಪಿಗೆ ಬಂತು. ಅಲ್ಲಿ ಸಣ್ಣ ಕಿಟಕಿಯೊಳಗೆ ತೆವಳುತ್ತಿತ್ತು. ಕಿಟಕಿಯಲ್ಲಿ ಪ್ರತಿ ಅಕ್ಷರವನ್ನೂ ಚಿತ್ರವಾಗಿ ಬಿಡಿಸಬೇಕು, ಅದಕ್ಕೆ. ಆಲ್ಟ್ ಮತ್ತು ಎಂಟರ್ ಒತ್ತಿ ಪೂರ್ಣ ಪರದೆಗೆ ಹಿಗ್ಗಿಸಿದರೆ ಹಳೆಯ ಚುರುಕು ಬರುತ್ತಿತ್ತು. ಮಷಿನ್ನಿನ ಫ್ಯಾನು ಮಾತ್ರ ಗಿರಣಿಯಷ್ಟು ಸದ್ದು ಮಾಡುತ್ತಿತ್ತು. ಡಾಸ್ ಕಾಲದ ಪ್ರೋಗ್ರಾಂಗಳಿಗೆ ಸುಮ್ಮನೆ ಕೂರಲು ಬರುವುದಿಲ್ಲ. ‘ಕೀಲಿ ಒತ್ತಿದಿರಾ? ಈಗ ಒತ್ತಿದಿರಾ?’ ಎಂದು ಬಿಡುವಿಲ್ಲದೆ ಕೇಳುತ್ತಲೇ ಇಡೀ ಚಿಪ್ಪನ್ನು ತಿಂದುಹಾಕುತ್ತವೆ. ಗುಮಾಸ್ತರು ಊಟಕ್ಕೆ ಎದ್ದು ಹೋದಾಗ ಅದು ಅತಿ ಹೆಚ್ಚು ದುಡಿಯುತ್ತಿತ್ತು. ವಿಸ್ತಾ ಮತ್ತು ಅದರ ನಂತರದ ವಿಂಡೋಸ್‌ಗಳಲ್ಲಿ ಹೊಸ ಡಿಸ್‌ಪ್ಲೇ ಡ್ರೈವರ್ ಹಾಕಿದರೆ ಆ ಪೂರ್ಣ ಪರದೆಯ ಬಾಗಿಲೂ ಮುಚ್ಚಿತು. 64 ಬಿಟ್ಟಿನ ವಿಂಡೋಸ್ ಅಂತೂ ಡಾಸ್ ಪ್ರೋಗ್ರಾಂಗಳನ್ನು ಹೊಸ್ತಿಲಲ್ಲೇ ನಿಲ್ಲಿಸುತ್ತದೆ.

ಸಾವಕಾರರ ಮಗ ತಂದಿಟ್ಟದ್ದು ಅಂಥ ಹೊಸ ಮಷಿನ್ನು. ನಾನು ಅದರಲ್ಲಿ ಡಾಸ್‌ಬಾಕ್ಸ್ ಹಾಕಿದೆ. ಹಳೆಯ ಆಟಗಳನ್ನು ಆಡುವವರ ಸಲುವಾಗಿ ಹುಟ್ಟಿದ ಪ್ರೋಗ್ರಾಂ ಅದು, ಹೊಸ ಮಷಿನ್ನಿನ ಹೊಟ್ಟೆಯಲ್ಲಿ ಒಂದು ಹಳೆಯ ಮಷಿನ್ನನ್ನು ನಟಿಸಿ ತೋರಿಸುತ್ತದೆ. ಲೆಕ್ಕ ಬಂತು, ಆದರೆ ತೆವಳುತ್ತ ಬಂತು. ಡಾಸ್‌ಬಾಕ್ಸ್ ತಾನಾಗಿಯೇ ಇಟ್ಟುಕೊಳ್ಳುವ ವೇಗ 3000 ಸೈಕಲ್, ಸುಮಾರಾಗಿ ಹಳೆಯ 286ರ ಓಟ. ಅದು ರೋಗವೇ ಅಲ್ಲ, ವೇಷ. ಕಂಟ್ರೋಲ್ ಹಿಡಿದು ಎಫ್12 ಒತ್ತುತ್ತ ಹೋದರೆ ಸೈಕಲ್ ಏರುತ್ತದೆ. ಒತ್ತುತ್ತ ಹೋದೆ. ಪರದೆಯೆಲ್ಲ ಕಣ್ಣು ಮುಚ್ಚಿ ತೆರೆಯುವುದರೊಳಗೆ ತುಂಬಿತು. ಮಗ ಚಪ್ಪಾಳೆ ತಟ್ಟಿದ.

ಆ ಅಂಗಡಿಯಲ್ಲಿ ಮಾನಿಟರು ಇರುವುದು ಅಡ್ಡಲಾಗಿ. ಅರ್ಧ ಗುಮಾಸ್ತರ ಕಡೆ, ಅರ್ಧ ಗಾದಿಯ ಅಂಚಿಗೆ ಕೂತ ರೈತರ ಕಡೆ. ಕಡಲೆ ಮಾರಲು ಬಂದಿದ್ದ ಹಿರಿಯರೊಬ್ಬರು ತಮ್ಮ ಲೆಕ್ಕ ನೋಡಿ ತಲೆ ಅಲ್ಲಾಡಿಸಿದರು.

‘ತಮ್ಮಾ, ಏನ ಬಂತು, ಏನ ಹೋತು, ತಿಳೀಲಿಲ್ಲಲೋ.’

‘ಲೆಕ್ಕ ಅದ ಐತ್ರಿ ಕಾಕಾ, ಲಗೂ ಬಂತು ಅಷ್ಟ.’

‘ಲಗೂ ಯಾಕ ಬರಬೇಕು? ಮದಲ ಚೀಲ ಬರ್ತಿತ್ತು, ಆಮ್ಯಾಲ ತೂಕ, ಆಮ್ಯಾಲ ದರ. ಮುಂಗಡ ಕಳಿಯೂದು ಕಣ್ಣಿಗೆ ಕಾಣ್ತಿತ್ತು. ನಾನೂ ಬೆರಳಾಗ ಎಣಿಸ್ಕೋತಿದ್ನಿ. ಈಗ ಮದಲ ಬರದಿಟ್ಟು ತೋರ್ಸಿದಂಗ ಆತು.’

ಅವರಿಗೆ ಇಂಗ್ಲಿಷ್ ಓದಲು ಬರುತ್ತಿರಲಿಲ್ಲ, ಅಂಕಿ ಬರುತ್ತಿದ್ದವು, ಅಂಕಿ ಬರುವ ಕ್ರಮ ಬಾಯಿಪಾಠವಾಗಿತ್ತು. ನರಗುಂದದ ರೈತರಿಗೆ ಯಾರೋ ಎಲ್ಲೋ ಮೊದಲೇ ಬರೆದಿಟ್ಟು ತಂದು ತೋರಿಸುವ ಲೆಕ್ಕದ ಮೇಲೆ ಇರುವ ಅನುಮಾನ ಇಂದಿನದಲ್ಲ. ಮಲಪ್ರಭಾ ಕಾಲುವೆಯ ಅಭಿವೃದ್ಧಿ ಕರದ ವಿರುದ್ಧ 1980ರ ಜುಲೈ 21ರಂದು ಈ ಊರಲ್ಲಿ ಎದ್ದ ರೈತರ ಮೇಲೆ ಗುಂಡು ಹಾರಿದ್ದು ಇವರ ಪ್ರಾಯದ ಕಾಲದಲ್ಲಿ. ಆ ದಿನವನ್ನು ಊರು ಪ್ರತಿ ವರ್ಷ ನೆನೆಯುತ್ತದೆ. ಅಂಥವರಿಗೆ ನಾನು ಸೈಕಲ್ಲಿನ ಮಹಿಮೆ ವಿವರಿಸಲು ಹೋಗಲಿಲ್ಲ. ಸಾವಕಾರರೂ ಒಂದು ಮಾತು ಆಡಲಿಲ್ಲ, ನನ್ನ ಕಡೆ ನೋಡಿ ಕೈಯನ್ನು ಕೆಳಗೆ ಮಾಡಿದರು.

ಇಳಿಸುವ ಕೀಲಿ ಎಫ್11. ಒಂದೊಂದೇ ಹೆಜ್ಜೆ ಇಳಿಸುತ್ತ ಹಿರಿಯರ ಲೆಕ್ಕವನ್ನೇ ಮತ್ತೆ ಮತ್ತೆ ತೆಗೆದು ತೋರಿಸಿದೆ. ‘ಇನ್ನಷ್ಟ... ಇನ್ನಷ್ಟ...’ ಎಂದು ಅವರು ಗದ್ದೆಗೆ ನೀರು ಬಿಡಿಸುವವರ ಗತ್ತಿನಲ್ಲಿ ಕೈ ಆಡಿಸಿದರು. 3000 ದಾಟಿ ಕೆಳಗಿಳಿದ ಮೇಲೆ, ‘ಹಾಂ, ಇಲ್ಲೇ ಇರ್ಲಿ’ ಎಂದರು. ಮಗ ತಲೆ ಚಚ್ಚಿಕೊಂಡು ಹೊರಗೆ ಹೋದ. ಡಾಸ್‌ಬಾಕ್ಸಿನ ಮೂಲ ರೂಪಕ್ಕೆ ಪ್ರಿಂಟರ್ ಗೊತ್ತಿಲ್ಲವಾದ್ದರಿಂದ ಗುಮಾಸ್ತರು ಪರದೆ ನೋಡಿ ಪಟ್ಟಿಯನ್ನು ಕೈಯಲ್ಲೇ ಬರೆದುಕೊಟ್ಟರು. ಈ ಓಟ ಅವರ ಪೆನ್ನಿಗೂ ಸರಿಹೊಂದಿತು.

ಸೋಮವಾರ ಇಂಥದೇ ಕೆಲಸಕ್ಕೆ ಇನ್ನೊಂದು ಅಂಗಡಿಗೆ ಹೋಗಬೇಕು. ಅಲ್ಲಿ ಪರದೆ ಸಾವಕಾರರ ಕಡೆ ಮಾತ್ರ ಮುಖ ಮಾಡಿದೆ. ಎಷ್ಟು ಜೋರು ಇಟ್ಟರೂ ನಡೆದೀತು ಎಂದು ಫೋನಿನಲ್ಲೇ ಹೇಳಿದ್ದಾರೆ.